ಬಿಗಿ ಬೂಟಿನಲ್ಲಿ ಪಾದ ಬೆಚ್ಚಗಿರುವುದಿಲ್ಲ

ಮಳೆಗಾಲದಲ್ಲಿ ಶಿರಸಿಯ ನನ್ನ ದವಾಖಾನೆಗೆ ತೋಟದ ಕೆಲಸದವರು ಜಾಸ್ತಿ ಬರುತ್ತಾರೆ. ಇಡೀ ದಿನ ಗಂಬೂಟು ಹಾಕಿದ ಪಾದ ಬೆಳ್ಳಗೆ ನೆನೆದು ಸುಕ್ಕಾಗಿರುತ್ತದೆ. ಬೆರಳ ಸಂದಿಯಲ್ಲಿ ಚರ್ಮ ಸುಲಿದಿರುತ್ತದೆ. "ಒಂದು ಹನಿ ನೀರೂ ಒಳಗೆ ಹೋಗ್ಲಿಲ್ಲ ಡಾಕ್ಟ್ರೇ, ಆದ್ರೂ ಹಿಂಗಾಯ್ತು" ಅನ್ನುತ್ತಾರೆ. ಹೊರಗಿನ ನೀರು ಒಳಗೆ ಹೋಗಿಲ್ಲ, ನಿಜ. ಒಳಗಿನ ಬೆವರೂ ಹೊರಗೆ ಹೋಗಿಲ್ಲ.

ವಿಪರೀತ ಚಳಿಯ ಊರಿಗೆ ಹೊರಟವರು ಬೂಟಿನ ವಿಷಯ ಕೇಳಲು ಬಂದರೂ ನಾನು ಈ ಗಂಬೂಟಿನಿಂದಲೇ ಶುರು ಮಾಡುತ್ತೇನೆ. ಈಗ ಅಂಥವರು ಕಡಿಮೆಯೇನಲ್ಲ. ಓದಲು ಕೆನಡಾಕ್ಕೆ ಹೋಗುವ ಮಕ್ಕಳು, ಲಡಾಖಿಗೆ ಚಾರಣ ಹೋಗುವವರು, ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಮ್ಮಂದಿರು.

ಹೋದ ವರ್ಷ ಒಬ್ಬ ಹುಡುಗ ತಾಯಿಯ ಜೊತೆ ಬಂದಿದ್ದ. ಕೆನಡಾದ ವಿನಿಪೆಗ್‌ಗೆ ಹೊರಟಿದ್ದ. ಜನವರಿಯ ರಾತ್ರಿ ಮೈನಸ್ 20 ಡಿಗ್ರಿಗೆ ಇಳಿಯುವುದು ಅಲ್ಲಿ ಮಾಮೂಲು. ಆನ್‌ಲೈನಿನಲ್ಲಿ ತರಿಸಿದ ಹೊಸ ಬೂಟು, ಒಳಗೆ ಎರಡು ಜೊತೆ ಹತ್ತಿ ಕಾಲುಚೀಲ. ಹಾಗೇ ಹತ್ತು ನಿಮಿಷ ಕೂರಿಸಿ, ಆಮೇಲೆ ಬಿಚ್ಚಿಸಿದೆ. ಪಾದದ ಮೇಲೆ ಲೇಸಿನ ಗುರುತು ಅಚ್ಚೊತ್ತಿದಂತೆ ಮೂಡಿತ್ತು. ಹೆಬ್ಬೆರಳ ಉಗುರನ್ನು ಒತ್ತಿ ಬಿಟ್ಟೆ. ಉಗುರು ಬೆಳ್ಳಗಾಗಿ ಸುಮಾರು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಅವನದು ಅದಕ್ಕಿಂತ ನಿಧಾನವಾಗಿತ್ತು. ಶಿರಸಿಯ ಸೆಕೆಯಲ್ಲೇ ಹೀಗೆ.

"ಬಿಗಿ ಇದ್ರೆ ಬೆಚ್ಚಗಿರ್ತದಲ್ವಾ ಡಾಕ್ಟ್ರೇ?" ಅಂತ ತಾಯಿ ಕೇಳಿದರು. ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ಆದರೆ ಬೂಟು ಶಾಖ ಹುಟ್ಟಿಸುವುದಿಲ್ಲ. ಪಾದಕ್ಕೆ ಶಾಖ ತರುವುದು ರಕ್ತ. ಚಳಿ ಹೆಚ್ಚಾದಾಗ ದೇಹ ಎದೆ, ಹೊಟ್ಟೆ, ತಲೆಯನ್ನು ಕಾಪಾಡಿಕೊಳ್ಳಲು ಕೈಕಾಲಿನ ರಕ್ತನಾಳಗಳನ್ನು ತಾನೇ ಕಿರಿದು ಮಾಡುತ್ತದೆ. ಅದರ ಮೇಲೆ ಬೂಟೂ ಹಿಂಡಿದರೆ ಬೆರಳ ತುದಿಗೆ ರಕ್ತ ತಲುಪುವುದು ಹೇಗೆ? ಇನ್ನೊಂದು ವಿಷಯ, ಉಣ್ಣೆಯ ಎಳೆಗಳ ನಡುವೆ ನಿಂತ ಗಾಳಿಯೇ ಶಾಖವನ್ನು ಹಿಡಿದಿಡುವುದು. ಹೊಸ ರಜಾಯಿ ಉಬ್ಬಿಕೊಂಡಿದ್ದಾಗ ಬೆಚ್ಚಗೆ, ಚಪ್ಪಟೆಯಾದ ಮೇಲೆ ಇಲ್ಲ, ಅಲ್ವಾ? ಬಿಗಿ ಬೂಟಿನಲ್ಲಿ ಕಾಲುಚೀಲಕ್ಕೂ ಅದೇ ಗತಿ.

ಅಳತೆ ನೋಡಲು ಸುಲಭ ದಾರಿಯಿದೆ. ಬೂಟಿನ ಒಳಗಿನ ಅಟ್ಟೆಯನ್ನು ಹೊರಗೆ ತೆಗೆದು ನೆಲಕ್ಕೆ ಹಾಕಿ. ದಪ್ಪ ಕಾಲುಚೀಲ ಹಾಕಿಕೊಂಡು ಅದರ ಮೇಲೆ ನಿಲ್ಲಿ. ಬೆರಳ ತುದಿಯಿಂದಾಚೆ ಒಂದು ಬೆರಳಿನಷ್ಟು ಜಾಗ ಉಳಿಯಬೇಕು. ಪಾದ ಅಂಚಿನಿಂದ ಹೊರಗೆ ಚಾಚಬಾರದು. ಬೂಟು ಹಾಕಿದ ಮೇಲೆ ಐದೂ ಬೆರಳು ಆಡಬೇಕು. ಸಂಜೆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ಆಗಲೇ ಹಾಕಿ ನೋಡಿ. ಅಮೆರಿಕದ ನಂಬರೂ ನಮ್ಮಲ್ಲಿ ನಡೆಯುವ ಬ್ರಿಟನ್ ನಂಬರೂ ಬೇರೆ. ಗಂಡಸರಿಗೆ ಇಲ್ಲಿನ 8 ಅಂದರೆ ಅಲ್ಲಿ ಸುಮಾರು 9. ಈ ಹುಡುಗ ಎಡವಿದ್ದು ಇಲ್ಲೇ.

ಕಾಲುಚೀಲದ ವಿಷಯದಲ್ಲಿ ನನ್ನದು ಒಂದೇ ಹಟ: ಹತ್ತಿ ಬೇಡ. ಹತ್ತಿ ಬೆವರನ್ನು ಹೀರಿ ಹಾಗೇ ಇಟ್ಟುಕೊಳ್ಳುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಎಳೆಯುತ್ತದೆ. ಉಣ್ಣೆ ಹಾಗಲ್ಲ. ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹಿಂದೆ ಕಂಬಳಿಕೊಪ್ಪೆ ಹಾಕಿಕೊಂಡು ಜಡಿಮಳೆಯಲ್ಲಿ ಗದ್ದೆಗೆ ಇಳಿಯುತ್ತಿದ್ದವರನ್ನು ಕೇಳಿ. ಕಂಬಳಿ ನೆನೆದು ಭಾರವಾದರೂ ಮೈ ಬೆಚ್ಚಗೇ ಇರುತ್ತಿತ್ತು ಅನ್ನುತ್ತಾರೆ. ಮೆರಿನೋ ಅನ್ನುವ ಜಾತಿಯ ಕುರಿಯ ಉಣ್ಣೆಯ ಒಂದು ದಪ್ಪ ಜೊತೆ ಸಾಕು. ಎರಡೆರಡು ಜೊತೆ ತುರುಕಬೇಡಿ.

ಬೂಟು ನೋಡುವಾಗ ಮೇಲಿನ ತುಪ್ಪಳಕ್ಕೆ ಮರುಳಾಗಬೇಡಿ, ಅಡಿ ನೋಡಿ. ಬಸ್ಸಿಗೆ ಕಾಯುತ್ತ ಹಿಮದ ಮೇಲೆ ನಿಂತಾಗ ಶಾಖ ಕೆಳಕ್ಕೇ ಇಳಿದುಹೋಗುತ್ತದೆ. ಅಟ್ಟೆ ದಪ್ಪಗಿರಲಿ, ಅದರ ಮೇಲೊಂದು ಫೆಲ್ಟ್ ಪದರ, ಅಂದರೆ ಉಣ್ಣೆಯನ್ನು ಒತ್ತಿ ಮಾಡಿದ ದಪ್ಪ ಹಾಳೆ, ಇದ್ದರೆ ಇನ್ನೂ ಒಳ್ಳೆಯದು. ನಾನು ಹೇಳುವುದು ಒಳಗಿನ ಬೆಚ್ಚನೆಯ ಪದರವನ್ನು ಪೂರ್ತಿ ಹೊರಗೆ ತೆಗೆಯಲು ಬರುವ ಬೂಟು. ರಾತ್ರಿ ತೆಗೆದು ಒಣಗಿಸಬಹುದು. ಒದ್ದೆ ಬೂಟನ್ನು ಬೆಳಿಗ್ಗೆ ಹಾಕಿದರೆ ಎಷ್ಟು ದುಬಾರಿಯದಾದರೂ ಪ್ರಯೋಜನವಿಲ್ಲ. ಹೀಟರಿಗೆ ತೀರಾ ಹತ್ತಿರ ಮಾತ್ರ ಇಡಬೇಡಿ, ಅಂಟು ಬಿಡುತ್ತದೆ.

ಪೆಟ್ಟಿಗೆಯ ಮೇಲೆ 400 ಗ್ರಾಂ, 800 ಗ್ರಾಂ ಅಂತ ಇರುತ್ತದೆ. ಅದು ಬೂಟಿನ ತೂಕ ಅಲ್ಲ, ಒಳಗಿನ ಪದರ ಚದರ ಮೀಟರಿಗೆ ಎಷ್ಟು ತೂಗುತ್ತದೆ ಅನ್ನುವುದು. ಮೈನಸ್ 30, ಮೈನಸ್ 40 ಡಿಗ್ರಿ ಚಳಿಗೂ ಆಗುತ್ತದೆ ಅನ್ನುವ ಅಂಕಿ ಬಹಳಷ್ಟು ಸಲ ಕಂಪನಿಯದೇ ಲೆಕ್ಕ. ಚುರುಕಾಗಿ ನಡೆಯುವವನಿಗೆ ಸರಿಹೋದದ್ದು ಸುಮ್ನೆ ನಿಂತವನಿಗೆ ಸಾಲದು. ಹೋಗುವ ಊರಿನ ಚಳಿಗಿಂತ ಒಂದು ಹತ್ತು ಡಿಗ್ರಿ ಹೆಚ್ಚಿನ ಚಳಿಗೆ ಅಂತ ಬರೆದಿರುವುದನ್ನೇ ಆರಿಸಿ ಅನ್ನುತ್ತೇನೆ ನಾನು.

ಸಕ್ಕರೆ ಕಾಯಿಲೆಯ ಹಿರಿಯರು ಮಕ್ಕಳ ಮನೆಗೆ ಹೊರಟಾಗ ನನಗೆ ಹೆಚ್ಚು ಚಿಂತೆ. ನರಗಳು ಜಡವಾಗಿದ್ದರೆ ಚಳಿ ಹತ್ತಿದ್ದೂ ತಿಳಿಯುವುದಿಲ್ಲ, ಸುಟ್ಟದ್ದೂ ತಿಳಿಯುವುದಿಲ್ಲ. ಅವರು ಬಿಸಿನೀರಿನ ಚೀಲ, ಹೀಟರಿನ ಹತ್ತಿರ ಪಾದ ಇಡಲೇಬಾರದು. ಬೀಡಿ, ಸಿಗರೇಟು ಸೇದುವವರ ರಕ್ತನಾಳ ಇನ್ನಷ್ಟು ಕಿರಿದಾಗುತ್ತದೆ, ಅವರೂ ಜಾಗ್ರತೆ.

ಬೆರಳು ಮೊದಲು ಉರಿದು, ಆಮೇಲೆ ನೋವೇ ನಿಂತು, ಮೇಣದ ಹಾಗೆ ಬಿಳಿಚಿಕೊಂಡು ಗಟ್ಟಿಯಾದರೆ 'ಸರಿಹೋಯ್ತು' ಅಂದುಕೊಳ್ಳಬೇಡಿ. ಅದು ಹಿಮಗಡಿತ, ಅಂದರೆ ಚಳಿಗೆ ಚರ್ಮವೇ ಹೆಪ್ಪುಗಟ್ಟಿದ್ದು. ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು. ಬೆಚ್ಚನೆಯ ಮನೆಯೊಳಗೆ ಹೋಗಿ, ಒದ್ದೆಯಾದದ್ದನ್ನು ಬಿಚ್ಚಿ, 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಪಾದ ಇಡಿ. ನೀರಿನ ಬಿಸಿಯನ್ನು ಬೇರೆಯವರ ಕೈಯಿಂದ ಮುಟ್ಟಿಸಿ ನೋಡಿ, ಮರಗಟ್ಟಿದ ಪಾದಕ್ಕೆ ಅದು ಗೊತ್ತಾಗುವುದಿಲ್ಲ. ಮತ್ತೆ ಹಿಮದಲ್ಲಿ ನಡೆಯಲೇಬೇಕಾದ ಜಾಗದಲ್ಲಿದ್ದರೆ ಕರಗಿಸಲು ಹೋಗಬೇಡಿ. ಕರಗಿದ್ದು ಎರಡನೇ ಸಲ ಹೆಪ್ಪುಗಟ್ಟಿದರೆ ಹಾನಿ ಜಾಸ್ತಿ. ಆಸ್ಪತ್ರೆಗಂತೂ ತಡಮಾಡದೆ ಹೋಗಬೇಕು.

ಆ ಹುಡುಗನ ಬೂಟು ವಾಪಸ್ ಹೋಯಿತು. "ತಮಾ, ಇಲ್ಲಿಂದ ಉಣ್ಣೆ ಕಾಲುಚೀಲ ಮಾತ್ರ ಒಯ್ಯಿ. ಬೂಟನ್ನು ಅಲ್ಲಿ ಚಳಿ ಶುರುವಾಗುವ ಮೊದಲೇ, ಅಂಗಡಿಯಲ್ಲಿ ಅದನ್ನು ಹಾಕಿ ನಿಂತು ನೋಡಿ ತಗೊ" ಅಂದೆ. ಅಕ್ಟೋಬರಿನಲ್ಲಿ ಅವನ ತಾಯಿ ಬಿಪಿ ತೋರಿಸಲು ಬಂದಾಗ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಅಟ್ಟೆಯನ್ನು ನೆಲಕ್ಕೆ ಹಾಕಿ, ಮಗ ಅದರ ಮೇಲೆ ನಿಂತಿದ್ದ. ಬೆರಳ ಮುಂದೆ ಜಾಗ ಸರಿಯಾಗಿತ್ತು.