ಗಾಡಿ ಸ್ಟಾರ್ಟಿಂಗಲ್ಲಿದೆ, ಆದರೆ ಓಡುತ್ತಿಲ್ಲ

ಮಡಿಕೇರಿಯ ಗೆಳೆಯನೊಬ್ಬ ಗಾಬರಿಯಿಂದ ಫೋನ್ ಮಾಡಿದ. ಅವನ ಲಿನಕ್ಸ್ ಕಂಪ್ಯೂಟರಿಗೆ ಇರುವುದು ನಾಲ್ಕೇ ಕೋರ್, ಅಂದರೆ ಒಂದು ಹೊತ್ತಿಗೆ ನಾಲ್ಕೇ ಕೆಲಸ ಓಡಬಲ್ಲವು. ಪ್ರೊಸೆಸ್‌ಗಳ, ಅಂದರೆ ಶುರುವಾಗಿರುವ ಪ್ರೋಗ್ರಾಂಗಳ, ಪಟ್ಟಿ ತೋರಿಸುವ ‘ಪಿಎಸ್’ ಕಮಾಂಡ್ ಕೊಟ್ಟರೆ ಒಂಬತ್ತರ ಮುಂದೆ ‘ಆರ್’, ಅಂದರೆ ರನ್ನಿಂಗ್. ಒಂಬತ್ತು ಒಟ್ಟಿಗೆ ಓಡುವುದು ಹೇಗೆ, ವೈರಸ್ಸೇ ಇರಬೇಕು ಅಂತ ಅವನ ತೀರ್ಮಾನ.

ಅವನದೇನೂ ತಪ್ಪಿಲ್ಲ, ತಪ್ಪು ಹೆಸರಿನದು. ಯಾವ ಪ್ರೊಸೆಸ್‌ಗೆ ಯಾವಾಗ ಸಿಪಿಯು ಎಂದು ನಿರ್ಧರಿಸುವುದು ಶೆಡ್ಯೂಲರ್, ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಂದು ಭಾಗ. ಅಲ್ಲಿ ಈ ‘ಆರ್’ನ ಹೆಸರು ‘ಟಾಸ್ಕ್_ರನ್ನಿಂಗ್’; ಹಾಗೆಂದರೆ ‘ಓಡುತ್ತಿದೆ, ಇಲ್ಲವೇ ಓಡಲು ಸಿದ್ಧವಾಗಿ ಸರದಿಯಲ್ಲಿದೆ’ ಎಂದರ್ಥ. 1991ರಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಹೊರಬಿಟ್ಟ ಅದರ 0.01 ಆವೃತ್ತಿಯಲ್ಲೇ ಈ ಹೆಸರಿತ್ತು, ಕೋಡ್‌ನಲ್ಲಿ ಅದಕ್ಕೆ ಕೊಟ್ಟ ಅಂಕಿ ಸೊನ್ನೆ. ಇವತ್ತಿಗೂ ಅದೇ.

ಕಾಫಿ ಕೊಯ್ಲಿನ ಸಂಜೆಯನ್ನು ನೆನೆಸಿಕೊಳ್ಳಿ. ತಕ್ಕಡಿ ಒಂದೇ, ಚೀಲ ಹಿಡಿದು ನಿಂತವರು ಹತ್ತು ಜನ. ತೋಟದ ರೈಟರು ಹತ್ತೂ ಹೆಸರಿನ ಮುಂದೆ ‘ತೂಕದಲ್ಲಿದೆ’ ಎಂದು ಬರೆದರೆ ಹೇಗಿರುತ್ತದೆ? ಶೆಡ್ಯೂಲರ್ ಮಾಡುವುದು ಅದನ್ನೇ. ಇನ್ನೂ ಗಿಡದ ಬುಡದಲ್ಲಿ ಹಣ್ಣು ಕೊಯ್ಯುತ್ತಿರುವವರು ಬೇರೆ ಲೆಕ್ಕ: ಡಿಸ್ಕಿಗೋ ಕೀಲಿಮಣೆಗೋ ಕಾಯುತ್ತಾ ನಿದ್ದೆಹೋದ ಪ್ರೊಸೆಸ್‌ಗಳು ಅವರ ಹಾಗೆ. ತಕ್ಕಡಿಯ ಮೇಲಿನ ಚೀಲವನ್ನು ಅರ್ಧದಲ್ಲೇ ಇಳಿಸಿ ಸಾಲಿಗೆ ಮರಳಿಸಿದರೂ ರೈಟರು ಪುಸ್ತಕ ತಿದ್ದಬೇಕಿಲ್ಲ. ಸಿಪಿಯುವಿನಿಂದ ಇಳಿಸಿದ ಪ್ರೊಸೆಸ್‌ನ ಸ್ಥಿತಿಯೂ ಹಾಗೇ ಉಳಿಯುತ್ತದೆ. ನಿಜವಾಗಿ ಸಿಪಿಯು ಮೇಲಿರುವುದು ಯಾವುದೆಂದು ಹೇಳಲು ‘ಆನ್_ಸಿಪಿಯು’ ಎಂಬ ಬೇರೆಯದೇ ಗುರುತಿದೆ.

ನಮ್ಮ ಡ್ರೈವರುಗಳ ಬಾಯಲ್ಲಿ ಇದಕ್ಕೆ ಎಷ್ಟು ಚೊಕ್ಕ ಮಾತಿದೆ! ಸಂಪಾಜೆ ಘಾಟಿಯಲ್ಲಿ ಮರ ಬಿದ್ದು ಗಾಡಿಗಳು ಸಾಲುಗಟ್ಟಿದಾಗ ಯಾರೂ ‘ಗಾಡಿ ಓಡ್ತಾ ಇದೆ’ ಅನ್ನುವುದಿಲ್ಲ, ‘ಸ್ಟಾರ್ಟಿಂಗಲ್ಲಿದೆ’ ಅನ್ನುತ್ತಾರೆ. ಕರ್ನಲ್‌ಗೆ ಬೇಕಿದ್ದದ್ದು ಈ ಪದ.

ಪ್ರೊಸೆಸ್‌ನ ಆದ್ಯತೆ ಹೇಳುವ ‘ನೈಸ್’ ಅಂಕಿಯದೂ ಇಂಥದ್ದೇ ಕಥೆ. −20ರಿಂದ 19ರವರೆಗಿನ ಇದು ದೊಡ್ಡದಾದಷ್ಟೂ ಸಿಪಿಯು ಸಮಯದ ಪಾಲು ಸಣ್ಣದು, ಏಕೆಂದರೆ ಇದು ಬೇರೆಯವರಿಗೆ ದಾರಿ ಬಿಡುವ ಸೌಜನ್ಯದ ಅಳತೆ. ಪಾಲು ಹಂಚಲು ಶೆಡ್ಯೂಲರ್ ಕೊಡುವ ತೂಕ ನೈಸ್ 0ಕ್ಕೆ 1024, 19ಕ್ಕೆ ಬರೀ 15. ಒಂದೇ ಕೋರಿಗಾಗಿ ಈ ಎರಡೂ ಪೈಪೋಟಿಗಿಳಿದರೆ ಎರಡನೆಯದಕ್ಕೆ ಸಿಗುವುದು ನೂರಕ್ಕೆ ಸುಮಾರು ಒಂದೂವರೆ ಪಾಲು. ತಡವಾಗಬಾರದ ಕೆಲಸಗಳಿಗೆ ಕೊಡುವ ರಿಯಲ್‌ಟೈಮ್ ಆದ್ಯತೆಯಲ್ಲಿ ಮಾತ್ರ 1ರಿಂದ 99, ಅಲ್ಲಿ ದೊಡ್ಡ ಅಂಕಿಯೇ ಮೇಲು! ಹೊಸಬರು ಇದರಲ್ಲಿ ದಿಕ್ಕು ತಪ್ಪಿದರೆ ಅವರನ್ನು ದಡ್ಡರೆನ್ನುವುದು ಅನ್ಯಾಯ.

ಗೆಳೆಯನಿಗೆ ಕಂಪ್ಯೂಟರಿನ ಅಂಕಿಅಂಶ ತೋರಿಸುವ ‘ವಿಎಂಸ್ಟ್ಯಾಟ್’ ಕಮಾಂಡ್ ಕೊಡಲು ಹೇಳಿದೆ. ಅದರ ಮೊದಲ ಅಂಕಣ ಓಡುವವರನ್ನೂ ಕಾಯುವವರನ್ನೂ ಸೇರಿಸಿಯೇ ಎಣಿಸುತ್ತದೆ. ಒಂಬತ್ತು ಬಂತು. ಅದರಲ್ಲಿ ನಾಲ್ಕು ಕಳೆದು, ‘ಹಾಗಾದ್ರೆ ಐದು ಸ್ಟಾರ್ಟಿಂಗಲ್ಲಿ ನಿಂತಿವೆ ಅನ್ನು’ ಎಂದ.