ಮಳೆ ಲೆಕ್ಕದ ಕೌದಿ

ಪ್ರಶ್ನೆ: ಸಂಘದ ಹೆಣ್ಣುಮಕ್ಕಳೆಲ್ಲ ಸೇರಿ ಊರಿನ ಒಂದು ವರ್ಷದ ಮಳೆಯನ್ನು ಕೌದಿಯಲ್ಲಿ ತೋರಿಸಬೇಕು ಅಂತಿದೀವಿ. ಅಳತೆ, ಬಣ್ಣ ಹೇಗೆ ಗೊತ್ತುಮಾಡೋದು? (ಸಿಂದಗಿ ತಾಲ್ಲೂಕು, ವಿಜಯಪುರ)

ಉತ್ತರ: ತಿಂಗಳ ಲೆಕ್ಕ ಬಿಡಿ, ಮಳೆ ನಕ್ಷತ್ರದ ಲೆಕ್ಕ ಹಿಡಿಯಿರಿ. ಏಪ್ರಿಲ್ ನಡುವಿನ ಅಶ್ವಿನಿಯಿಂದ ರೇವತಿವರೆಗೆ 27. ಒಂದೊಂದಕ್ಕೆ 13–14 ದಿನ. ಒಬ್ಬೊಬ್ಬರಿಗೆ ಒಂದೊಂದು ಮಳೆ ಹಂಚಿ. ಸಾಲಿಗೆ 3ರಂತೆ 9 ಸಾಲು. ತುಂಡನ್ನು 50 × 26 ಸೆಂ.ಮೀ. ಕತ್ತರಿಸಿ, ಸುತ್ತ 1 ಸೆಂ.ಮೀ. ಮಡಚಿಗೆ ಹೋದರೆ ಕೌದಿ 144 × 216 ಆಗುತ್ತದೆ.

ಮಳೆ ಅಳೆಯಲು ಮೇಲಿಂದ ಕೆಳಗೆ ಒಂದೇ ಅಗಲದ, ತಳ ಸಪಾಟಾದ ಡಬ್ಬಿ ಸಾಕು. ನಿಂತ ನೀರಿನ ಎತ್ತರವೇ ಮಿ.ಮೀ. ಲೆಕ್ಕ. ಗಿಡ, ಗೋಡೆಯಿಂದ ಅವುಗಳ ಎತ್ತರದ ಎರಡು ಪಟ್ಟು ದೂರ ಇಡಿ. ಹವಾಮಾನ ಇಲಾಖೆಯವರ ಹಾಗೆ ಬೆಳಿಗ್ಗೆ 8.30ಕ್ಕೆ ನೋಡಿ, ಬರೆದು, ಚೆಲ್ಲಿ.

ಬಣ್ಣ ಮೊದಲೇ ಗೊತ್ತಾಗಬೇಕು. ಒಂದು ನಕ್ಷತ್ರದ ಒಟ್ಟು ಮಳೆ 2 ಮಿ.ಮೀ. ಒಳಗಿದ್ದರೆ ಬಿಳಿ, 25ರವರೆಗೆ ಹಳದಿ, 50ರವರೆಗೆ ಹಸಿರು, 100ರವರೆಗೆ ನೀಲಿ, ಮೇಲೆ ಹೋದರೆ ಕಪ್ಪು ನೀಲಿ. ನಮ್ಮ ಕಡೆ ಸೆಪ್ಟೆಂಬರ್ ಮಳೆಯೇ ಜೋರು, ಹಾಗಾಗಿ ಹುಬ್ಬಿ (ಪುಬ್ಬ), ಉತ್ತರಿ (ಉತ್ತರೆ) ಮಳೆಗಳ ತುಂಡು ಬರುವ ನಾಲ್ಕನೇ ಸಾಲು ಸಾಮಾನ್ಯವಾಗಿ ಗಾಢ. ವಿಶಾಖದಿಂದಾಚೆ ಕೌದಿ ಬೆಳ್ಳಗೆ. ಚೆಂದ ಕಾಣಲ್ಲ ಅಂತ ಅಲ್ಲಿ ಬಣ್ಣ ತುಂಬಬೇಡಿ, ಬಯಲುಸೀಮೆಯ ವರ್ಷ ಇರೋದೇ ಹಾಗೆ. ಅಳೆಯದೆ ತಪ್ಪಿದ ದಿನವನ್ನು ಸೊನ್ನೆ ಎಂದು ಬರೆಯುವುದೂ ಸಲ್ಲ. ಅಂಥ ನಕ್ಷತ್ರಕ್ಕೆ ಚೌಕುಳಿ ಬಟ್ಟೆ ಹಾಕಿ.

ಒಟ್ಟು ಅಂಕಿಯೊಂದೇ ಅರ್ಧ ಕಥೆ. ಒಂದೇ ರಾತ್ರಿ ಸುರಿದ 60 ಮಿ.ಮೀ.ಗೂ ಹತ್ತು ದಿನ ಹನಿದ 60ಕ್ಕೂ ಜೋಳದ ಹೊಲದಲ್ಲಿ ಅಜಗಜಾಂತರ. 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ಪ್ರತಿ ದಿನಕ್ಕೆ ತುಂಡಿನ ಮೇಲೆ ಕಸೂತಿಯ ಒಂದು ಮೆಂತ್ಯೆ ಹೊಲಿಗೆ (× ಆಕಾರದ ಹೊಲಿಗೆ) ಹಾಕಿ.

ಬಟ್ಟೆ ಹತ್ತಿಯದೇ ಇರಲಿ. ಇಳಕಲ್ ಸೀರೆಯ ಹತ್ತಿ ಒಡಲು ಒಳ್ಳೆಯದು, ರೇಷ್ಮೆ ಸೆರಗು ಬೇಡ. ಪಾಲಿಸ್ಟರ್ ಬೆರೆತರೆ ಒಗೆದಾಗ ಹತ್ತಿ ಕುಗ್ಗಿ, ಅದು ಕುಗ್ಗದೆ, ನಡುವೆ ಉಬ್ಬುತ್ತದೆ. ಎಲ್ಲವನ್ನೂ ಮೊದಲೇ ಒಗೆಯಿರಿ; ಒದ್ದೆ ಬಿಳಿ ಅರಿವೆ ಒತ್ತಿ ನೋಡಿ, ಬಣ್ಣ ಬಿಟ್ಟರೆ ಆ ತುಂಡು ಬದಿಗಿಡಿ.

ಕೆಳಗೆ ಹಳೇ ಧೋತರ ಎರಡು ಪದರ ಹಾಸಿ, ನಡುವಿನಿಂದ ಅಂಚಿನ ಕಡೆಗೆ ಕಚ್ಚಾ ಹೊಲಿಗೆ ಹಾಕಿದ ಮೇಲೇ ಎಳೆ ಓಡಿಸಿ, ಸಾಲಿನ ನಡುವೆ ಎರಡು ಬೆರಳು ಅಂತರ. ಹತ್ತು ಕೈ ಕೂತಾಗ ಒಬ್ಬರು ದಾರ ಬಿಗಿದು ಎಳೆಯುತ್ತಾರೆ, ಒಬ್ಬರು ಸಡಿಲ ಬಿಡುತ್ತಾರೆ, ಅದರಿಂದ ಒಂದು ಮೂಲೆ ಸೊಟ್ಟಾಗುತ್ತದೆ. ಪ್ರತಿ ನಾಲ್ಕು ಸಾಲಿಗೆ ಜಾಗ ಬದಲಿಸಿ ಕೂತರೆ ಎಳೆತ ಎಲ್ಲ ಕಡೆ ಹಂಚಿಹೋಗುತ್ತದೆ.