ಮಾವಿನ ಮರದ ತುಂಬ ಹೂ, ಕಾಯಿ ಮಾತ್ರ ಯಾಕಿಲ್ಲ?

ಎಲೆ ಕಾಣದಷ್ಟು ಹೂ ಬಂತೆಂದರೆ ಕೋಲಾರ, ರಾಮನಗರದ ಕಡೆ ತೋಟದ ಗುತ್ತಿಗೆ ಮಾತು ಶುರುವಾಗುತ್ತದೆ. ಬರೀ ಹೂ ನೋಡಿ ಬೆಲೆ ಕಟ್ಟುವುದು ಅರ್ಧ ಜೂಜು. ಒಂದು ಗೊಂಚಲಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂ. ಕೊಯ್ಲಿನವರೆಗೆ ಉಳಿಯುವುದು ಒಂದೋ ಎರಡೋ ಕಾಯಿ, ಎಷ್ಟೋ ಗೊಂಚಲಲ್ಲಿ ಅದೂ ಇಲ್ಲ.

ಭೂತಗನ್ನಡಿ ಹಿಡಿದು ಒಂದು ಹೂ ನೋಡಿ. ಸಾಮಾನ್ಯವಾಗಿ ಐದು ಎಸಳು, ನಡುವೆ ಉಬ್ಬಿದ ಹಳದಿ ತಟ್ಟೆ, ಅದರ ಅಂಚಿನಲ್ಲಿ ಕೆಂಪು ತಲೆಯ ಒಂದೇ ಒಂದು ಕೇಸರ. ಉಳಿದ ಕೇಸರಗಳು ಗಿಡ್ಡ, ಪರಾಗವಿಲ್ಲದ ಬೋಳುಗಳು. ತಟ್ಟೆಯ ಮೇಲೆ ಸಾಸಿವೆಯಂಥ ಹಸಿರು ಗುಂಡು ಕೂತಿದ್ದರೆ ಅದು ದ್ವಿಲಿಂಗಿ ಹೂ, ಕಾಯಿ ಕಚ್ಚುವುದು ಅದೇ. ಗುಂಡಿಲ್ಲದ್ದು ಗಂಡು ಹೂ. ಪರಾಗ ಕೊಟ್ಟು ಉದುರುತ್ತದೆ. ದ್ವಿಲಿಂಗಿ ಹೂಗಳು ಗೊಂಚಲಿನ ತುದಿಯ ಕಡೆ ಹೆಚ್ಚು, ಹಾಗಾಗಿ ಅವು ಎಷ್ಟಿವೆ ಎಂದು ತಿಳಿಯಲು ಬುಡ, ತುದಿ ಎರಡೂ ಕಡೆ ಎಣಿಸಬೇಕು. ಕಡುಚಳಿಯಲ್ಲಿ ಮೂಡಿದ ಗೊಂಚಲಲ್ಲಿ ಗಂಡು ಹೂವಿನದೇ ಕಾರುಬಾರು.

ಮಾವಿನ ಪರಾಗ ಅಂಟಂಟು, ಗಾಳಿಯನ್ನು ನಂಬಿ ಕೂರುವಂತಿಲ್ಲ. ಅದನ್ನು ಹೊತ್ತೊಯ್ಯುವವು ಮುಖ್ಯವಾಗಿ ನೊಣಗಳು, ಜೊತೆಗೆ ಜೇನು. ಮನೆಯಲ್ಲಿ ಓಡಿಸುವ ನೊಣಕ್ಕೆ ತೋಟದಲ್ಲಿ ಮರ್ಯಾದೆ ಕೊಡಲೇಬೇಕು! ಹೂ ಅರಳಿದ ಮೇಲೆ ಕೀಟನಾಶಕ ಹೊಡೆಯುವುದೆಂದರೆ ಬರಬೇಕಾದ ಬೆಳೆಯನ್ನೇ ಓಡಿಸಿದಂತೆ. ಜಿಗಿಹುಳುವಿಗೆ ಲೀಟರ್ ನೀರಿಗೆ 0.3 ಮಿಲಿ ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್ (ದ್ರವರೂಪದ ಕೀಟನಾಶಕ), ಬೂದಿ ರೋಗಕ್ಕೆ ನೀರಿನಲ್ಲಿ ಕರಗುವ ಗಂಧಕ 2 ಗ್ರಾಂ: ಎರಡನ್ನೂ ಗೊಂಚಲು ಹೊರಡುವಾಗ, ಮೊಗ್ಗು ಬಿರಿಯುವ ಮೊದಲೇ ಮುಗಿಸಿ. ಉರಿಬಿಸಿಲಲ್ಲಿ ಗಂಧಕ ಹೊಡೆದರೆ ಹೂ ಸುಡುತ್ತದೆ.

ನೀರಿನ ವಿಷಯದಲ್ಲಿ ಅವಸರ ಬೇಡ. ಹೂವಿಗೆ ಎರಡು ತಿಂಗಳ ಮೊದಲಿನಿಂದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಹೂವಿನ ಬದಲು ಚಿಗುರು ಬರುತ್ತದೆ. ಹೀಚು ಬಟಾಣಿ ಗಾತ್ರಕ್ಕೆ ಬಂದ ಮೇಲೆ ಮತ್ತೆ ಕೊಡಿ. ಆಗಲೇ ಉದುರುವಿಕೆ ತಡೆಯಲು 4.5% ಎನ್‌ಎಎ (ಸಸ್ಯದ ಬೆಳವಣಿಗೆ ನಿಯಂತ್ರಿಸುವ ಹಾರ್ಮೋನು) ದ್ರಾವಣವನ್ನು 10 ಲೀಟರ್ ನೀರಿಗೆ 4.5 ಮಿಲಿಯಂತೆ ಬೆರೆಸಿ ಸಿಂಪಡಿಸಬಹುದು.

ಸಿಂಪಡಿಸುವ ಮುಂಚೆ, ಉದುರಿದ ಹತ್ತು ಮಿಡಿ ಆರಿಸಿ ಸೀಳಿ ನೋಡಿ. ಒಳಗಿನ ಬೀಜ ಬೆಳ್ಳಗೆ ತುಂಬಿಕೊಂಡಿದ್ದರೆ ಕೊರತೆ ನೀರಿನದೋ ಪೋಷಕಾಂಶದ್ದೋ ಇರಬಹುದು. ಕಂದಾಗಿ ಮುರುಟಿದ್ದರೆ ಭ್ರೂಣವೇ ಸತ್ತಿದೆ. ಅಂಥ ಮಿಡಿ ಮರದಲ್ಲಿ ಉಳಿದರೂ ಗೋಲಿ ಗಾತ್ರ ದಾಟುವುದು ಕಷ್ಟ. ಅದಕ್ಕೆ ಎನ್‌ಎಎ ಖರ್ಚು ದಂಡ.